ಕಾಳಿನ ಗುಟ್ಟು, ರೊಟ್ಟಿಯ ಗುರುತು

ಕೂಡ್ರಿ, ಕೂಡ್ರಿ, ಒಬ್ಬರ ಮ್ಯಾಲ ಒಬ್ಬರು ಬೀಳಬ್ಯಾಡ್ರಿ. ಕಥಿ ಎಲ್ಲರ ಕಿವಿಗೂ ಮುಟ್ಟತೈತಿ. ನಡುವ ಆಕಳಿಕಿ ಬಂದವ್ರು ಎದ್ದು ಹೋಗಿ ಮಕ್ಕೋಬಹುದು, ನಂದೇನೂ ತಕರಾರಿಲ್ಲ. ನಡುವ ಬಾಯಿ ಹಾಕಿದವ್ರನ್ನ ಮಾತ್ರ ನಾನು ಬಿಡಾಂಗಿಲ್ಲ.

ಜೋಳದಕೋಟಿ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯಕ್ಕ ಗೂಳಪ್ಪ ದೊರಿ ಅಂತ ಒಬ್ಬ ರಾಜ. ರಾಜ ಒಳ್ಳ್ಯಾಂವ, ಹೊಟ್ಟಿ ದೊಡ್ಡದು, ಸಿಟ್ಟು ಸಣ್ಣದು. ರಾಜನ ಕೋಟ್ಯಾಗ ಗದಿಗೆವ್ವ ಅಂತ ಒಬ್ಬಾಕಿ ಇದ್ಳು. ವಯಸ್ಸು ಅರವತ್ತು, ಹಲ್ಲು ನಾಕು. ನಾಲಿಗಿ ಒಂದ ಇದ್ರೂ ನಾಕು ಮಂದಿ ಕೆಲಸ ಮಾಡತಿತ್ತು. ಕೋಟಿಯ ದೊಡ್ಡ ಬೀಸುಕಲ್ಲಿನ ಮುಂದ ಕುಂತು ರೊಟ್ಟಿ ಬಡಿಯೂದು ಅಕಿ ಕೆಲಸ.

ಅಯ್ಯ, ರೊಟ್ಟಿ ಬಡಿಯೂದು ಒಂದು ಕೆಲಸೇನು, ನಮ್ಮವ್ವನೂ ಬಡೀತಾಳ ಅನ್ನಬ್ಯಾಡ್ರಿ. ಆ ಕಲ್ಲು ಅಂಥಿಂಥ ಕಲ್ಲಲ್ಲ.

ಹಿಂದಕ ಊರ ಮಂದಿ ತಮ್ಮ ಬಂಗಾರ, ಬೆಳ್ಳಿ, ಮಗಳ ಮದುವಿ ಸೀರಿ, ಎಲ್ಲಾ ಕೋಟಿ ಉಗ್ರಾಣದಾಗ ಇಡತಿದ್ರು. ಕೀಲಿಕೈ ಉಗ್ರಾಣದ ಅಧಿಕಾರಿ ಸೊಂಟದಾಗ ಇರತಿತ್ತು. ಕೀಲಿಕೈ ಯಾರ ಸೊಂಟದಾಗ ಐತೋ ಸಾಮಾನು ಅವರ ಮನ್ಯಾಗ, ಇದು ಎಲ್ಲರಿಗೂ ಗೊತ್ತಿದ್ದ ಮಾತು. ಇದನ್ನ ನೋಡಿ ನೋಡಿ ಬ್ಯಾಸರಾಗಿ, ಕಲ್ಲು ಕಡಿಯೋ ಮನೆತನದ ಒಬ್ಬಾಕಿ ಮುದುಕಿ ಮಂತ್ರ ಹೇಳಕೋತ ಹೇಳಕೋತ ಒಂದು ಬೀಸುಕಲ್ಲು ಕಡದ್ಳು. "ಇನ್ನ ಮ್ಯಾಲ ಈ ಊರಾಗ ಕೀಲಿನೂ ಬ್ಯಾಡ, ಕೀಲಿಕೈನೂ ಬ್ಯಾಡ" ಅಂದ್ಳು. ಕಲ್ಲು ಕೋಟಿಗೆ ಕೊಟ್ಟು ಕಣ್ಣು ಮುಚ್ಚಿದ್ಳು.

ಆ ಕಲ್ಲಿನ ರೀತಿ ಹಿಂಗ. ನೀವು ಮನಿಯಿಂದ ಒಂದು ಹಿಡಿ ಕಾಳು ತರಬೇಕು. ಜೋಳ, ಸಜ್ಜಿ, ಹೆಸರು, ಮಡಕಿ, ಹುರಳಿ, ಅಲಸಂದಿ, ಎಳ್ಳು, ನಿಮ್ಮ ಮನಸಿಗೆ ಬಂದದ್ದು. ಯಾವ ಕಾಳು ಎಷ್ಟೆಷ್ಟು ಅಂಬೋದು ನಿಮಗ ಗೊತ್ತು, ನಿಮ್ಮ ಮನಿದೇವರಿಗೆ ಗೊತ್ತು. ಕಟ್ಟಿಕೊಂಡ ಹೆಂಡ್ತಿಗೂ ಹೇಳಾಂಗಿಲ್ಲ. ಕಲ್ಲಿನ ಸುತ್ತ ಕಟ್ಟಿದ ಪರದೆ ಹಿಂದ ಒಬ್ಬರ ಹೋಗಿ, ಕಾಳು ಕಲ್ಲಿನ ಬಾಯಿಗೆ ಸುರುವಿ, ಬಲಕ್ಕ ಮೂರು ಸುತ್ತು ತಿರುವಬೇಕು. ಹಿಟ್ಟು ಪರದೆ ಈಚಿಗೆ ಉದುರತೈತಿ. ಆ ಹಿಟ್ಟು ಯಾರು ನೋಡಿದ್ರೂ ಅಡ್ಡಿಯಿಲ್ಲ. ಗದಿಗೆವ್ವ ಅದನ್ನ ನಾದಿ, ತಟ್ಟಿ, ಹಂಚಿನ ಮ್ಯಾಲ ಹಾಕತಾಳ. ಅಂಗೈ ಅಗಲದ ರೊಟ್ಟಿ. ಬೆಂದ ಮ್ಯಾಲ ನೋಡಿದ್ರ ಅದರ ಮ್ಯಾಲ ಕರೀ ಕಲಿ ಎದ್ದಿರತಾವ. ಒಬ್ಬರ ರೊಟ್ಟಿ ಮ್ಯಾಲ ನವಿಲು, ಒಬ್ಬರದ್ದರ ಮ್ಯಾಲ ಬಾರಕೋಲು, ಒಬ್ಬರದ್ದರ ಮ್ಯಾಲ ಸೊಟ್ಟ ಮಾರಿ ಮುದುಕ. ಆ ಗುರುತು ಸುಣ್ಣದಲೇ ಒಂದು ಹರವಿ ಹೊಟ್ಟಿ ಮ್ಯಾಲ ಬರದ್ರ ಮುಗೀತು. ಆ ಮಣ್ಣಿನ ಹರವಿ ನಿಮ್ಮದು. ಕೋಟಿ ಪಡಸಾಲ್ಯಾಗ ಎಲ್ಲರ ಕಣ್ಣ ಮುಂದ ಸಾಲಾಗಿ ಕುಂತಿರತೈತಿ. ಕೊಡಲಿ ಹಾಕಿದ್ರೂ ಒಡಿಯಂಗಿಲ್ಲ.

ಹರವಿ ಬಾಯಿ ಮಾತ್ರ ವಿಚಿತ್ರ. ಅದರಾಗ ಹಾಕಾಕ ಯಾರಾದ್ರೂ ಹಾಕಬಹುದು. ನಿಮ್ಮ ಅಳಿಯ ಬೆಂಡೋಲಿ ಹಾಕಲಿ, ನಿಮ್ಮ ವೈರಿ ಸಗಣಿ ಹಾಕಲಿ, ಹರವಿ ಬ್ಯಾಡ ಅನ್ನಂಗಿಲ್ಲ. ತೆಗಿಯೂದು ಮಾತ್ರ ನಿಮಗಷ್ಟ. ನೀವ ಬಂದು, ಅದ ಕಾಳು, ಅಷ್ಟ ಕಾಳು ಬೀಸಿ, ಅದ ಗುರುತಿನ ಬಿಸಿ ರೊಟ್ಟಿ ಹರವಿ ಬಾಯಿಗೆ ತಾಗಿಸಿದ್ರ, ಬಾಯಿ ತಾನ ಬಿಚ್ಚಿಕೊಳ್ಳತಿತ್ತು. ನಿನ್ನಿ ಹಿಟ್ಟು ತಂದ್ರ ನಡಿಯಾಂಗಿಲ್ಲ, ಹರವಿ ಸೀನತಿತ್ತು. ತಣ್ಣನ ರೊಟ್ಟಿಗೆ ಮಸಿಯಿಂದ ಚಿತ್ರ ಬರಕೊಂಡು ಹೋದ್ರ ಇನ್ನೂ ಜೋರು ಸೀನಿ, ರೊಟ್ಟಿ ತಿರುಗಿ ಮೂಗಿಗೆ ಬಡೀತಿತ್ತು.

ಒಂದು ಹಿಡಿ ಕಾಳಿಗೆ ಒಂದ ಗುರುತು. ಇವತ್ತು ಬೀಸಿದ್ರೂ ಅದ, ಹತ್ತು ವರ್ಷ ಬಿಟ್ಟು ಬೀಸಿದ್ರೂ ಅದ. ಆದ್ರ ಒಂದು ಕಾಳು ಹೆಚ್ಚು ಕಡಿಮಿ ಆತೋ, ಚಿತ್ರನ ಬ್ಯಾರೆ. ಗಾಣಿಗರ ಈರಬಸಪ್ಪ ತನ್ನ ಹರವ್ಯಾಗ ಬೆಳ್ಳಿ ಕಡಗ ಹಾಕಿಟ್ಟು, ಹುರಳಿ ಏಳೋ ಎಂಟೋ ಮರತ. ಅವನ ಹರವಿ ಮ್ಯಾಲಿನ ಗುರುತು ಗಡ್ಡದ ಹೋತ. ಏಳು ಹಾಕಿದ್ರ ಆನಿ ಬಂತು. ಎಂಟು ಹಾಕಿದ್ರ ಕಸಬರಿಗಿ ಬಂತು. ಒಂಬತ್ತು ಹಾಕಿದ್ರ ಅವನ ಅತ್ತಿ ಮಾರಿ ಬಂದಂಗಾಗಿ ಅಂಜಿ ಓಡಿದ. ಇವತ್ತಿಗೂ ಹೋತದ ಹರವಿ ಮುಂದ ಕುಂತು "ಹುರಳಿ ಅಲ್ಲ, ಅದು ಮಡಕೀನ ಇರಬೇಕು" ಅಂತ ಗುಣಗುಣ ಅಂತಿರತಾನ. ಪಾಪ ಅನಿಸ್ತೈತಿ, ಆದ್ರ ಯಾರೇನು ಮಾಡಾಕ ಬರತೈತಿ?

ಇನ್ನ ಒಂದು ಪದ್ಧತಿ ಇತ್ತು. ಯಾವ ಹರವಿ ಯಾರದು ಅಂತ ಗೊತ್ತಾಗಬಾರದು ಅಂತ, ಬೀಸಾಕ ಬರಾವ್ರೆಲ್ಲಾ ನೆತ್ತಿಯಿಂದ ಹಿಮ್ಮಡಿ ತನಕ ಕರೀ ಕಂಬಳಿ ಹೊದ್ದು ಬರಬೇಕು. ಹರವಿ ಮುಂದ ಕಂಬಳಿ, ಪರದೆ ಹಿಂದ ಕಂಬಳಿ, ದಾರ್ಯಾಗ ಕಂಬಳಿ. ಗಂಡ ಹೆಂಡ್ತಿ ಎದರಾ ಬದರಾ ಹಾದು ಹೋದ್ರೂ ಗುರುತು ಸಿಗತಿರಲಿಲ್ಲ. ಗದಿಗೆವ್ವ ಎಲ್ಲರನ್ನೂ "ಬಾರಪ್ಪಾ ಕಂಬಳಿ, ಹೋಗಿ ಬಾರವ್ವಾ ಕಂಬಳಿ" ಅಂತಿದ್ಳು. ಕಂಬಳಿಯೊಳಗ ಯಾರದಾರ ಅಂತ ಕೇಳೂದು ಮಹಾ ತಪ್ಪು. ಗೊತ್ತಾದ್ರೂ ಹೇಳೂದು ಅದಕ್ಕಿಂತ ದೊಡ್ಡ ತಪ್ಪು. ನಾಲ್ವತ್ತು ವರ್ಷ ಅಕಿ ಒಂದು ಹೆಸರು ಬಾಯಿ ಬಿಟ್ಟಿರಲಿಲ್ಲ.

ಆತು. ಈಗ ಕಳ್ಳ ಬರತಾನ, ಮಗ್ಗಲಾಗಿನವ್ರು ಕಿಸೆ ಮುಟ್ಟಿ ನೋಡ್ಕೊರಿ.

ಆ ಕಾಲಕ್ಕ ರಾಜನ ಉಗ್ರಾಣ ನೋಡಿಕೊಳ್ಳಾಂವ ಅಡಿವೆಪ್ಪ ಅಂತ. ತಲಿ ಮ್ಯಾಲ ಬಂಡಿಗಾಲಿ ಅಷ್ಟು ದೊಡ್ಡ ರುಮಾಲು, ಕಾಲಾಗ ಕಿರ್ರ್ ಕಿರ್ರ್ ಅನ್ನೋ ಜೋಡು. ಉಗ್ರಾಣದಾಗ ಈಗ ಬರೇ ರಾಜನ ಕಾಳಿನ ಚೀಲ. ಬಂಗಾರ ನೋಡಿ ಎಷ್ಟು ಕಾಲ ಆಗಿತ್ತೋ! ಪಡಸಾಲ್ಯಾಗ ಹರವಿ ಸಾಲು ನೋಡಿದಾಗೊಮ್ಮೆ ಅವನ ಹೊಟ್ಟ್ಯಾಗ ಬೆಂಕಿ ಬೀಳತಿತ್ತು. ಅದರಾಗೂ ಚೇಳಿನ ಗುರುತಿನ ಹರವಿ. ವ್ಯಾಪಾರದವ್ರು ಬಂದು ಬಂದು ಅದರಾಗ ಬಂಗಾರದ ಗುಂಡು ಹಾಕಿ ಹೋಗೂದನ್ನ ಊರ ನೋಡಿತ್ತು. ಹರವಿ ಯಾರದು? ಯಾರಿಗೂ ಗೊತ್ತಿಲ್ಲ.

ಒಂದು ದಿನ ಚೇಳಿನ ಹರವಿ ಕಂಬಳಿ ಬಂದು, ಬೀಸಿ, ಏನೋ ತಗೊಂಡು ಹೋತು. ಮಾರನೇ ದಿನ ಮಟಮಟ ಮಧ್ಯಾಹ್ನ ಇನ್ನೊಂದು ಕಂಬಳಿ ಬಂತು. ಕೆಳಗ ಜೋಡು ಕಿರ್ರ್ ಅಂತು. ಗದಿಗೆವ್ವ ಹುಬ್ಬು ಏರಿಸಿದ್ಳು, ಹೆಸರು ಹೇಳಲಿಲ್ಲ.

"ಬಾರಪ್ಪಾ ಕಂಬಳಿ."

ಆ ಕಂಬಳಿ ಪರದೆ ಈಚಿಗೆ ಬಗ್ಗಿ, ನಿನ್ನಿ ನೆಲಕ್ಕ ಬಿದ್ದಿದ್ದ ಚೇಳಿನ ರೊಟ್ಟಿ ಹಿಟ್ಟನ್ನ ಬೆರಳಿನಲೇ ಬಳದು ಬಳದು ಕೂಡಸ್ತು. ಒಳಗ ಹೋಗಿ ಕಲ್ಲಿನ ಬಾಯಿಗೆ ಸುರುವಿ, ಎಡಕ್ಕ ತಿರುವಾಕ ಹತ್ತಿತು.

"ಯಪ್ಪಾ, ಎಡಕ್ಕ ಯಾಕ ತಿರುವತಿ?" ಅಂತ ಗದಿಗೆವ್ವ ಹೊರಗಿಂದ ಕೇಳಿದ್ಳು.

"ಬಲಕ್ಕ ತಿರುವಿದ್ರ ಕಾಳು ಹಿಟ್ಟಾಗತೈತಿ. ಎಡಕ್ಕ ತಿರುವಿದ್ರ ಹಿಟ್ಟು ಕಾಳಾಗಬೇಕಲ್ಲ!"

"ಹಂಗಾದ್ರ ನಾನು ಎಡಕ್ಕ ತಿರುಗಿ ಕುಂತ್ರ ಹದಿನಾರು ವರ್ಷದ ಹುಡುಗಿ ಆಗತೇನೇನು? ಬೀಸಿದ್ದು ತಿರುಗಿ ಬರಾಂಗಿಲ್ಲಪ್ಪಾ."

ಅಂವ ಕೇಳಲಿಲ್ಲ. ಒಂದು ಸುತ್ತು ತಿರುವಿದ, ಕಲ್ಲು ಗುರ್ ಅಂತು. ಎರಡು ಸುತ್ತು ತಿರುವಿದ, ಕಲ್ಲು ಗಡಗಡ ಅಂತು. ಮೂರನೇ ಸುತ್ತಿಗೆ ಕಲ್ಲಿನ ಬಾಯಿಂದ ಹಿಟ್ಟು ಬುಸ್ ಅಂತ ಮ್ಯಾಲೆದ್ದು ಕಂಬಳಿಯೊಳಗ ಹೊಕ್ಕಿತು. ಅಂವ ಕೆಮ್ಮಕೋತ ಸೀನಕೋತ ಹೊರಗ ಓಡಿ, ಮೆಟ್ಟಲದ ಮ್ಯಾಲ ಕಂಬಳಿ ಕಿತ್ತೊಗದ. ಅಷ್ಟರಾಗ ಗೂಳಪ್ಪ ದೊರಿ ಎದುರಿಗೆ ಬರಬೇಕೇನು!

"ಏನ್ರಿ ಅಡಿವೆಪ್ಪ, ವಿಭೂತಿ ಭಾಳ ಆತಲ್ಲ ಇವತ್ತು? ಮೀಸಿಗೂ ಹಚ್ಚೀರಿ!"

"ಭಕ್ತಿ, ದೊರಿ, ಭಕ್ತಿ. ಹಾಕ್ಷೀ!" ಅಂತ ಅಂವ ಓಡಿದ. ಒಳಗ ಗದಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು, ನಕ್ಕು ನಕ್ಕು ರೊಟ್ಟಿ ಒಂದು ಸೀಸಿಬಿಟ್ಳು.

ಹಿಂಗಾದ ಮ್ಯಾಲ ಸುಮ್ಮನಾಗಬೇಕಿಲ್ಲೋ? ಆಸೆಬುರುಕಗ ನಾಚಿಕಿ ಎಲ್ಲಿಂದ ಬರಬೇಕು! ಅಡಿವೆಪ್ಪ ಇನ್ನೊಂದು ವಿಚಾರ ಮಾಡಿದ. ಹಿಟ್ಟಿನಿಂದ ಕಾಳಿಗೆ ಹೋಗಾಕ ಬರದಿದ್ರ ಬ್ಯಾಡ. ಒಂದೊಂದ ಕಾಳು ಏರಿಸಕೋತ ಎಲ್ಲಾ ನಮೂನಿ ಹಿಡಿಕಿ ಬೀಸಿಬಿಟ್ರ, ಯಾವಾಗರ ಒಂದಿನ ಚೇಳು ಬರಲೇಬೇಕು!

ಬಂತು ಕಂಬಳಿ. ಈ ಸಲ ಚೀಲದ ಬಂಡಿ ಹೊಡಕೊಂಡು ಬಂತು. ಗುರುತು ಸಿಗಬಾರದು ಅಂತ ಬಂಡಿಗೂ ಕಂಬಳಿ, ಎತ್ತುಗಳಿಗೂ ಕಂಬಳಿ. ಬ್ಯಾಸಗಿ ಬಿಸಲಾಗ ಎತ್ತು ಉಸ್ ಉಸ್ ಅಂತಿದ್ವು.

ಜೋಳ ಒಂದು ಹಾಕಿ ಬೀಸಿದ. ಗುಬ್ಬಿ ಬಂತು. ಜೋಳ ಎರಡು ಹಾಕಿ ಬೀಸಿದ. ಕೊಡ್ಲಿ ಬಂತು. ಜೋಳ ಎರಡು, ಎಳ್ಳು ಒಂದು ಹಾಕಿದ. ಒಂಟಿ ಬಂತು. ಚೇಳು ಒಂದು ಬಿಟ್ಟು ಜಗತ್ತಿನಾಗಿರೋ ಎಲ್ಲಾ ಬಂತು. ಹದಿನೈದು ದಿನ ಬೀಸಿದ. ಸಣ್ಣ ಹಿಡಿಕಿ ಮುಗದು ದೊಡ್ಡ ಹಿಡಿಕಿಗೆ ಬಂದ, ದೊಡ್ಡ ಹಿಡಿಕಿ ಮುಗದು ಬೊಗಸಿಗೆ ಬಂದ, ಬೊಗಸಿ ಮುಗದು ಕಾಳು ಕೇರೋ ಮರಕ್ಕ ಬಂದ. ಗದಿಗೆವ್ವನ ಕೈ ಬೊಬ್ಬಿ ಎದ್ದು, ಬೊಬ್ಬಿ ಒಡದು, ಒಡದ ಮ್ಯಾಲ ಮತ್ತ ಎದ್ದುವು. ಕಂಬಳಿ ಹೊದ್ದು ಬಂದವ್ರಿಗೆ ಇಲ್ಲ ಅನ್ನಾಂಗಿಲ್ಲ, ಅದು ಕಲ್ಲಿನ ಕಟ್ಟಳಿ.

"ಯಪ್ಪಾ ಕಂಬಳಿ," ಅಂದ್ಳು ಕಡೀಗೆ, "ಇಷ್ಟು ನಮೂನಿ ಕಾಳು, ಒಂದೊಂದು ಎಷ್ಟೆಷ್ಟೋ. ಆಕಾಶದಾಗಿನ ಚಿಕ್ಕಿ ಎಣಿಸಿ ಮುಗಿಸಿ, ಮತ್ತ ಮೊದಲಿಂದ ಎಣಿಸಿದ್ರೂ ಇದು ಮುಗಿಯಾಂಗಿಲ್ಲ. ನಿನಗ ಹುಚ್ಚು ಹಿಡದೈತಿ, ಎತ್ತಿಗೆ ನೀರಡಿಕಿ ಹಿಡದೈತಿ. ಮನಿಗೆ ಹೋಗು."

ಅಂವ ಹೋಗಲಿಲ್ಲ. ರೊಟ್ಟಿ ಒಣಗಿ ಕಟಕ್ ಆಗಿ ಪಡಸಾಲಿ ತುಂಬಿ, ಅಂಗಳ ತುಂಬಿ, ಕೋಟಿ ಗ್ವಾಡಿ ಮಟ ಏರಿದ್ವು. ಹುಡುಗರು ರೊಟ್ಟಿ ಗಾಲಿ ಮಾಡಿ ಉಳ್ಳಿಸಿ ಆಡಿದ್ರು. ರಾಣಿ ಕಿಡಕಿ ತೆಗದ್ರ ಒಂದು ಬುಟ್ಟಿ ರೊಟ್ಟಿ ಒಳಗ ಬಿತ್ತು. ಹದಿನಾರನೇ ದಿನ ಬಂಡಿ ಬರಲಿಲ್ಲ. ಯಾಕಂದ್ರ ಬೀಸಾಕ ಕಾಳ ಇರಲಿಲ್ಲ. ರಾಜನ ಉಗ್ರಾಣ ಖಾಲಿ!

ಗೂಳಪ್ಪ ದೊರಿಗೆ ಆವತ್ತು ಊಟಕ್ಕ ನುಚ್ಚು ಬಡಿಸಾಕೂ ಜೋಳ ಸಿಗಲಿಲ್ಲ. ಸಣ್ಣ ಸಿಟ್ಟು ದೊಡ್ಡದಾತು.

"ನನ್ನ ಮುನ್ನೂರು ಚೀಲ ಎಲ್ಲಿ?"

ಅಡಿವೆಪ್ಪ ಎದಿ ಬಡಕೊಂಡು ಬಂದ. "ಕಳವು, ದೊರಿ, ಕಳವು! ಚೀಲದ ಅರಗಿನ ಮುದ್ರಿ ಸೈತ ಕಿತ್ತುಕೊಂಡು ಹೋಗ್ಯಾರ. ಬೀಸಿದ್ದು ಎಲ್ಲಿ? ಈ ಕಲ್ಲಿನಾಗ. ಸುಟ್ಟದ್ದು ಯಾರು? ಈ ಮುದುಕಿ. ಇನ್ನೇನು ಬೇಕು?"

"ನಿಂದೇನು ಹೇಳತಿ, ಗದಿಗೆವ್ವ?" ಅಂದ ರಾಜ.

ಗದಿಗೆವ್ವ ಬಾಯಿ ತೆಗದ್ಳು. ಕಿರ್ರ್ ಕಿರ್ರ್ ಜೋಡಿನ ಸುದ್ದಿ ನಾಲಿಗಿ ತುದಿ ತನಕ ಬಂತು. ಆದ್ರ ಕಂಬಳಿಯೊಳಗಿನ ಹೆಸರು ಹೇಳಿದ್ರ ಕಲ್ಲಿನ ಕಟ್ಟಳಿ ಮುರದಂಗ. ನಾಲ್ವತ್ತು ವರ್ಷ ಮಂದಿ ಅಕಿನ್ನ ನಂಬಿದ್ದು ಅದ ಒಂದು ಮಾತಿಗೆ.

"ಒಂದು ಕಂಬಳಿ ಬಂದು ಬೀಸಿತು, ದೊರಿ. ನಾನು ಸುಟ್ಟೆ. ಅದಕ್ಕಿಂತ ಹೆಚ್ಚು ನನ್ನ ಬಾಯಾಗ ಬರಾಂಗಿಲ್ಲ."

"ನೋಡ್ರಿ, ನೋಡ್ರಿ!" ಅಂತ ಅಡಿವೆಪ್ಪ ಕುಣದ. "ಈ ಕಂಬಳಿ ಕಾಟದಿಂದನ ಇಷ್ಟೆಲ್ಲಾ. ಮೂರನೇ ದಿನಕ್ಕ ಈ ಕಲ್ಲು ಒಡೀರಿ, ಈಕಿನ್ನ ಗಡಿ ದಾಟಸ್ರಿ. ಒಡಿಯೋಕಿಂತ ಮೊದಲು ಎಲ್ಲರೂ ಬಂದು ತಮ್ಮ ತಮ್ಮ ಹರವಿ ತೆಗೀಲಿ. ಕಂಬಳಿ ಇಲ್ಲದ, ನಿಮ್ಮ ಎದುರಿಗೆ, ಇದು ನಂದು ಅಂತ ಮೂರು ಸಲ ಆಣಿ ಮಾಡಿ ತೆಗೀಲಿ. ಆಮ್ಯಾಲ ಸಾಮಾನೆಲ್ಲಾ ನಾನು ಉಗ್ರಾಣದಾಗ ಇಟ್ಟು ಕೀಲಿ ಹಾಕತೇನಿ. ನನ್ನ ಸೊಂಟ ಗಟ್ಟಿ ಐತಿ."

ಹಸದ ರಾಜಗ ಅದ ಸರಿ ಅನಿಸ್ತು. "ಆಗಲಿ. ಆ ಮುನ್ನೂರು ಮುದ್ರಿ ಯಾರ ಹತ್ತಿರ ಸಿಗತಾವೋ ಅವರ ಕಳ್ಳರು. ಸಿಗದಿದ್ರ, ಮೂರನೇ ದಿನ ಗದಿಗೆವ್ವ ಹೊರಗ, ಕಲ್ಲು ಚೂರು ಚೂರು."

ಗದಿಗೆವ್ವ ಬಂದು ಕಲ್ಲಿನ ಮಗ್ಗಲ ಕುಂತ್ಳು. ಅಕಿಗೆ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಇಪ್ಪತ್ತರ ಹರೇದಾಗ ಈ ಕಲ್ಲಿನ ಮುಂದ ಬಂದು ಕುಂತಾಕಿ. ಇದನ್ನ ಬಿಟ್ಟು ಈ ವಯಸ್ಸಿನಾಗ ಯಾವ ಊರಿಗೆ ಹೋಗಬೇಕು, ಯಾರ ಮನಿ ಬಾಗಿಲು ಬಡೀಬೇಕು? ಕಣ್ಣಾಗ ನೀರು ಬಂದ್ವು. "ನೀನಾದ್ರೂ ಒಂದು ಮಾತು ಹೇಳಬಾರದೇನು, ಕಲ್ಲಾ?" ಅಂದ್ಳು. ಕಲ್ಲು ಏನು ಹೇಳೀತು?

ಮಾರನೇ ದಿನ ಮುಂಜಾನಿ ಜೋಡು ಕಿರ್ರ್ ಅಂತು. ಈ ಸಲ ಕಂಬಳಿ ಇಲ್ಲದ, ರುಮಾಲು ಸೈತ ಬಂದ ಅಡಿವೆಪ್ಪ. ಮಾತಿಗೆ ಬೆಲ್ಲ ಹಚ್ಚಿದ.

"ಗದಿಗೆವ್ವಾ, ನಿನ್ನ ನೋಡಿದ್ರ ನನ್ನ ಕರಳು ಚುರ್ ಅಂತೈತಿ. ಚೇಳಿನ ಹರವಿ ಕಾಳು ಎಷ್ಟು ಅಂತ ಹೇಳಿಬಿಡು. ರಾಜಗ ಹೇಳಿ ನಿನ್ನ ಉಳಿಸತೇನಿ."

"ನನಗ ಗೊತ್ತಿಲ್ರಿ, ಧಣ್ಯಾರ. ರೊಟ್ಟಿ ಸುಟ್ಟೇನಿ, ಕಾಳು ಕಂಡಿಲ್ಲ. ರೊಟ್ಟಿ ನೋಡಿ ಕಾಳು ಹೇಳಾಕ ಬರಾಂಗಿದ್ರ ನೀವು ಹದಿನೈದು ದಿನ..." ಅಂದಾಕಿ ನಾಲಿಗಿ ಕಚ್ಚಿಕೊಂಡ್ಳು. "ಅಲ್ರಿ, ಯಾರೋ ಹದಿನೈದು ದಿನ ಯಾಕ ಬೀಸತಿದ್ರು?"

"ಹಂಗಾದ್ರ ಇನ್ನೊಂದು ಯಾವುದರ ಕೊಡು. ನಿನಗೂ ಒಂದು ಹರವಿ ಇರಬೇಕಲ್ಲ? ನಾಲ್ವತ್ತು ವರ್ಷ ಗಳಿಸೀದಿ. ಅದರ ಗುಟ್ಟು ಕೊಟ್ಟು ಇಲ್ಲೇ ಇರು. ಇಲ್ಲಂದ್ರ ಬರೇ ಕೈಲೇ ಗಡಿ ದಾಟು. ನಾಳಿ ಮುಂಜಾನಿ ತನಕ ವಿಚಾರ ಮಾಡು."

ಅಂವ ಹೋದ. ಗದಿಗೆವ್ವಗ ಕೂಡಾಕ ಆಗಲಿಲ್ಲ. ಮನಸು ಕೆಟ್ಟಾಗ ಕಸಾ ಹೊಡಿಯೂದು ಅಕಿ ರೂಢಿ. ಕಸಬರಿಗಿ ತಗೊಂಡು ಪರದೆ ಹಿಂದ ಹೋದ್ಳು. ಕಲ್ಲಿನ ಬುಡದಾಗ ಕಸಬರಿಗಿಗೆ ಏನೋ ಸಿಕ್ಕಿತು. ಜಗ್ಗಿದ್ರ ಒಂದು ಅರಗಿನ ಮುದ್ರಿ. ಕೈ ಹಾಕಿದ್ರ ಇನ್ನೊಂದು. ಬಗ್ಗಿ ನೋಡ್ತಾಳ, ಕಲ್ಲಿನ ಕೆಳಗ ಮುದ್ರಿ ರಾಶಿನ ತುರುಕಿದ್ದಾರ! ಒಂದೊಂದರ ಮ್ಯಾಲೂ ರಾಜನ ಅಚ್ಚು.

ಗದಿಗೆವ್ವ ವಿಚಾರ ಮಾಡಿದ್ಳು. ಇವನ್ನ ಉಡಿಯಾಗ ಹಾಕ್ಕೊಂಡು ರಾಜನ ಹತ್ತಿರ ಓಡಿದ್ರ? ಕಳ್ಳಿ ತಾನ ಮಾಲು ಹೊತ್ತು ತಂದ್ಳು ಅಂತಾರ. ಇಲ್ಲೇ ಬಿಟ್ರ? ಅಕಿ ಕಲ್ಲಿನ ಕೆಳಗ ಸಿಕ್ಕವು ಅಂತಾರ. ಒಗದ್ರ? ಕಳ್ಳ ಯಾರಂತ ಎಂದೂ ಗೊತ್ತಾಗಾಂಗಿಲ್ಲ.

ಕಸಬರಿಗಿ ಹಿಡಕೊಂಡ ನಿಂತ್ಳು. ಸಾಲು ಹರವಿ ಕಡೆ ನೋಡಿದ್ಳು. ಹಾಕಾಕ ಯಾರಾದ್ರೂ ಹಾಕಬಹುದು. ತೆಗಿಯೂದು ಮಾತ್ರ ಕಾಳು ಗೊತ್ತಿದ್ದವ್ರಿಗಷ್ಟ. ಮೂರು ಸಲ ತಲಿ ಕೆರಕೊಂಡ್ಳು. ಮೂರನೇ ಸಲಕ್ಕ ನಾಕೂ ಹಲ್ಲು ಕಾಣೂವಂಗ ನಕ್ಕಳು.

ಜೋಳ ಹನ್ನೊಂದು, ಹುರಳಿ ಏಳು, ಎಳ್ಳು ಮೂವತ್ತು. ಹಂಗ ಬಾಯಿಗೆ ಬಂದಷ್ಟು ಎಣಿಸಿ ಬೀಸಿದ್ಳು. ರೊಟ್ಟಿ ಮ್ಯಾಲ ಕಾಗಿ ಕಾಲಿನ ಗುರುತು ಬಂತು. ಹೊಸಾ ಹರವಿ ಮ್ಯಾಲ ಸುಣ್ಣದಲೇ ಬರದು, ಮುದ್ರಿ ಎಲ್ಲಾ ಒಂದು ಸಡಲ ಗಂಟು ಕಟ್ಟಿ ಅದರಾಗ ಬಿಟ್ಳು. ಗಲಗಲ ಗಲಗಲ ಅಂತ ಪಡಸಾಲಿ ತುಂಬ ಸಪ್ಪಳ. ಹೊರಗ ಸುಳಿದಾಡತಿದ್ದ ಅಡಿವೆಪ್ಪನ ಕಿವಿ ನೆಟ್ಟಗಾದ್ವು.

ಮೂರನೇ ದಿನ ಬೆಳಕು ಹರಿಯೂದರೊಳಗ ಅಂವ ಬಂದ. "ಏನು ತೀರ್ಮಾನ ಮಾಡಿದಿ?"

"ಕಾಗಿ ಕಾಲಿನ ಹರವಿ. ನನ್ನ ಕೈಲೇ ಬೀಸಿದ್ದು, ನನ್ನ ಕೈಲೇ ಸುಟ್ಟದ್ದು. ಜೋಳ ಹನ್ನೊಂದು, ಹುರಳಿ ಏಳು, ಎಳ್ಳು ಮೂವತ್ತು."

"ಒಳಗ ಏನೈತಿ?"

"ಸುಳ್ಳು ಹೇಳಾಂಗಿಲ್ರಿ. ಅದರಾಗಿರೂದೆಲ್ಲಾ ನಿಮಗ ಸಲ್ಲಬೇಕಾದ್ದ."

"ಶಾಣ್ಯಾಕಿ ಇದ್ದಿ!" ಅಂತ ಅಡಿವೆಪ್ಪ ತೊಡಿ ಬಡಕೊಂಡ. ಮನಿ ದಾರಿ ತುಂಬ ಬಾಯಿಪಾಠ ಮಾಡಕೋತ ಹೋದ. ದಾರ್ಯಾಗ ಒಬ್ಬರು "ಶರಣ್ರಿ, ಮನ್ಯಾಗೆಲ್ಲಾ ಆರಾಮೇನ್ರಿ?" ಅಂದ್ರು. "ಜೋಳ ಹನ್ನೊಂದು" ಅಂದ. ಹೆಂಡ್ತಿ "ನಾಷ್ಟಾ ಏನು ಮಾಡ್ಲಿ?" ಅಂದ್ಳು. "ಹುರಳಿ ಏಳು" ಅಂದ. ಅಕಿ ಏಳ ಹುರಳಿ ಬೇಯಿಸಿ ಗಂಗಾಳದಾಗ ಇಟ್ಳು. ಉಳದ ಮೂವತ್ತು ಎಳ್ಳು ಮಾತ್ರ ತಾನ ಎಣಿಸಿಕೊಂಡ, ಯಾರನ್ನೂ ನಂಬಲಿಲ್ಲ.

ಬಿಸಲು ಏರೂದರಾಗ ಪಡಸಾಲ್ಯಾಗ ಊರ ಕೂಡಿತ್ತು. ಒಬ್ಬರ ಮೈ ಮ್ಯಾಲೂ ಕಂಬಳಿ ಇಲ್ಲ. ಮಂದಿ ಮಾರಿ ಮಂದಿಗೆ ಕಂಡು ಎಲ್ಲರಿಗೂ ಮುಜುಗರ. ಸುತ್ತಿಗಿ ಹಿಡಕೊಂಡ ಆಳುಗಳು ಕಲ್ಲಿನ ಆಜೂಬಾಜೂ ನಿಂತಿದ್ರು. ಗದಿಗೆವ್ವ ಒಲಿ ಮುಂದ ಕುಂತಿದ್ಳು. ಈಗ ತಪ್ಪಿದ್ರ ಇದ ಕಡೀ ಒಲಿ, ಇದ ಕಡೀ ರೊಟ್ಟಿ.

"ಮೊದಲು ಯಾರು?" ಅಂದ ರಾಜ.

"ನಾನು!" ಅಂತ ಅಡಿವೆಪ್ಪ ಮಂದಿನ್ನ ನೂಕಿ ಮುಂದ ಬಂದ. ಪರದೆ ಹಿಂದ ಹೋಗಿ ಬೀಸಿದ. ಹಿಟ್ಟು ಉದುರಿತು. ಗದಿಗೆವ್ವ ನಾದಿ, ತಟ್ಟಿ, ಹಂಚಿಗೆ ಹಾಕಿದ್ಳು. ತಿರುವಿ ಹಾಕಿದ್ರ ಕಾಗಿ ಕಾಲು ಎದ್ದು ಬಂತು. ಮಂದಿ "ಓಹೋ" ಅಂದ್ರು.

ರಾಜ ಕೇಳಿದ, "ಈ ಹರವಿ ಯಾರದು?"

"ನಂದು, ದೊರಿ."

"ಒಳಗಿದ್ದದ್ದು ಯಾರದು?"

"ಎಲ್ಲಾ ನಂದು, ದೊರಿ. ಕಷ್ಟಪಟ್ಟು ಗಳಿಸಿದ್ದು."

"ಮೂರನೇ ಸಲ ಕೇಳತೇನಿ."

"ನಮ್ಮಪ್ಪನಾಣಿ, ನಮ್ಮವ್ವನಾಣಿ, ನನ್ನ ರುಮಾಲಿನಾಣಿ, ಒಳಗಿನ ಒಂದೊಂದು ಚೂರೂ ನಂದು!"

ಬಿಸಿ ರೊಟ್ಟಿ ಹರವಿ ಬಾಯಿಗೆ ತಾಗಿಸಿದ. ಬಾಯಿ ಬಿಚ್ಚಿತು. ಅಂವ ಎರಡೂ ಕೈ ಹಾಕಿ ಗಂಟು ಜಗ್ಗಿದ. ಗಂಟು ಬಿಚ್ಚಿ, ಕೆಂಪ ಕೆಂಪ ಅರಗಿನ ಮುದ್ರಿ ಬಳಬಳ ಅಂತ ನೆಲ ತುಂಬ ಚೆಲ್ಲಾಡಿದ್ವು. ಒಂದು ಉರುಳಕೋತ ಹೋಗಿ ರಾಜನ ಹೆಬ್ಬೆರಳಿಗೆ ಬಡದು ನಿಂತಿತು.

ಅಡಿವೆಪ್ಪನ ಕಣ್ಣು ಹೊರಗ ಬಂದ್ವು. ಬಾಯಿಗೂ ಬುದ್ಧಿಗೂ ನಡುವ ಇದ್ದ ಬಾಗಲ ಮುರದು ಬಿತ್ತು.

"ಇವು ಇಲ್ಲಿ ಹೆಂಗ ಬಂದ್ವು? ಇವನ್ನ ನಾನ ಕಲ್ಲಿನ ಬುಡಕ್ಕ ತುರುಕಿದ್ನಲ್ಲ!"

ಮಂದಿ ಎಲ್ಲಾ ಗದಿಗೆವ್ವನ ಕಡೆ ಹೊರಳಿದ್ರು.

"ಹಾಕಾಕ ಯಾರಾದ್ರೂ ಹಾಕಬಹುದಲ್ರಿ, ಧಣ್ಯಾರ," ಅಂದ್ಳು ಗದಿಗೆವ್ವ. "ನಾನು ಹಾಕಿದೆ. ತೆಗದವ್ರು ನೀವು."

ಅಡಿವೆಪ್ಪ ಬೆವತುಹೋದ. "ದೊರಿ, ದೊರಿ, ಈ ಹರವಿ ನಂದಲ್ಲ! ಈಕಿದು! ಈಕಿನ್ನ ಹೆದರಿಸಿ ಕಾಳಿನ ಗುಟ್ಟು ಕೇಳಿಕೊಂಡೆ!"

ಗೂಳಪ್ಪ ದೊರಿ ಹೆಬ್ಬೆರಳು ತಿಕ್ಕಿಕೋತ ಎದ್ದ. "ಹರವಿ ನಿಂದಾದ್ರ ನನ್ನ ಕಾಳು ಕದ್ದಾಂವ ನೀನು. ಅಕಿದಾದ್ರ ಅಕಿ ಗುಟ್ಟು ಕದ್ದಾಂವನೂ ನೀನು. ಸುಳ್ಳು ಆಣಿ ಮಾಡಿದಾಂವ ಅಂತೂ ಹೆಂಗ ನೋಡಿದ್ರೂ ನೀನ. ಅತ್ತ ದರಿ, ಇತ್ತ ಪುಲಿ. ಯಾವ ಕಡೆ ಹೋಗತಿ, ಹೋಗು."

ಎಲ್ಲಿಗೆ ಹೋದಾನು? ಸುತ್ತಿಗಿ ಹಿಡದ ಆಳುಗಳು ಅವನ ಆಜೂಬಾಜೂ ಬಂದು ನಿಂತ್ರು.

ರಾಜ ಶಿಕ್ಷಾ ಹೇಳಿದ. ಉಗ್ರಾಣದ ಅಧಿಕಾರ ಹೋತು. ರುಮಾಲು ಇಳೀತು. ಸುಗ್ಗಿ ಆದ ಹೊಲದಾಗ ಅಲ್ಲಲ್ಲಿ ಬಿದ್ದ ಹಕ್ಕಲ ಕಾಳನ್ನ ಬಗ್ಗಿ ಬಗ್ಗಿ ಆರಿಸಿ ಅಡಿವೆಪ್ಪ ಮುನ್ನೂರು ಚೀಲ ತುಂಬಬೇಕು. "ಒಂದೊಂದ ಕಾಳು ಏರಿಸಕೋತ ಹೋಗೂದು ನಿನಗ ಭಾಳ ಸೇರತೈತಲ್ಲ!" ಅಂದ ರಾಜ. ಮಂದಿ ಬಿದ್ದು ಬಿದ್ದು ನಕ್ಕರು. ಚೇಳಿನ ಹರವಿ ಯಾರದು ಅಂತ ಆವತ್ತೂ ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗೂ ಅವಶ್ಯಕತೀನೂ ಬೀಳಲಿಲ್ಲ. ಎಲ್ಲರೂ ಓಡಿ ಹೋಗಿ ತಮ್ಮ ತಮ್ಮ ಕಂಬಳಿ ಹೊದ್ದುಕೊಂಡು ನಿರಾಳ ಆದ್ರು.

ಗದಿಗೆವ್ವ ಮಾತ್ರ ಕಲ್ಲನ್ನ ಎರಡೂ ಕೈಲೇ ತಬ್ಬಿಕೊಂಡು ಅತ್ತಳು. ನಗಬೇಕಾದ ಹೊತ್ತಿನಾಗ ಯಾಕ ಅಳತಿ ಅಂತ ರಾಣಿ ಕೇಳಿದ್ಳು. "ಮೂರು ದಿನದಿಂದ ತಡಕೊಂಡಿದ್ದೆನವ್ವಾ, ಈಗ ಪುರಸೊತ್ತು ಸಿಕ್ಕೈತಿ" ಅಂದ್ಳು.

ಆಮ್ಯಾಲ ಒಬ್ಬಾಕಿ ಹೊಸಾ ಸೊಸಿ ಕೇಳಿದ್ಳು, "ಯವ್ವಾ, ರೊಟ್ಟಿ ಗುರುತು ಊರಿಗೆಲ್ಲಾ ತೋರಿಸ್ತೀವಿ. ಕಾಳು ಯಾಕ ಮುಚ್ಚಿಡಬೇಕು?" ಗದಿಗೆವ್ವ ಒಲಿ ಊದಕೋತ ಹೇಳಿದ ಮಾತು ಇದು, ನೀವೂ ಕೇಳಿಕೊಂಡು ಹೋಗ್ರಿ:

"ಗುರುತು ಇರೂದು ಮಂದಿ ನಿನಗ ಕೊಡಾಕ, ತಂಗಿ. ಗುಟ್ಟು ಇರೂದು ನಿಂದು ನಿನ್ನ ಹತ್ತಿರ ಉಳಿಯಾಕ. ಗುರುತನ್ನ ಗ್ವಾಡಿ ಮ್ಯಾಲ ಬರಿ, ಗುಟ್ಟನ್ನ ನಿನ್ನ ನೆರಳಿಗೂ ಹೇಳಬ್ಯಾಡ. ನಿನ್ನ ಒಳ್ಳೇದಕ್ಕ ಕೇಳತೇನಿ, ಗುಟ್ಟು ನನ್ನ ಹತ್ತಿರ ಇಡು ಅಂತ ಯಾರರ ಬಂದ್ರ, ಅವರ ರುಮಾಲು ಎಷ್ಟ ದೊಡ್ಡದಿರಲಿ, ಅಂವ ಕಳ್ಳ ಅಂತ ತಿಳಕೋ."